ಪ್ರೆಶರ್ ವಾಷರ್ ಪಂಪ್ ಬಿಚ್ಚಿ ಜೋಡಿಸಿದ್ದು: ತೊಂದರೆ ಶುರುವಾಗುವುದು ನೀರು ಒಳಗೆ ಹೋಗುವ ಕಡೆಯಿಂದ

ಮೂಡಿಗೆರೆ ಕಡೆ ಮಳೆಗಾಲ ಮುಗಿಯುವ ಹೊತ್ತಿಗೆ ಸಿಮೆಂಟ್ ಕಣದ ಮೇಲೆ ಪಾಚಿ ಕಪ್ಪಗೆ ಹಿಡಿದಿರುತ್ತದೆ. ನವೆಂಬರ್‌ನಲ್ಲಿ ಅರೇಬಿಕಾ ಕಾಫಿ ಹಣ್ಣಾಗಲು ಶುರುವಾಗುತ್ತದೆ, ಅಷ್ಟರೊಳಗೆ ಕಣ ತೊಳೆದು ಒಣಗಿರಬೇಕು. ಆಮೇಲೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್, ತೊಟ್ಟಿ, ಪಿಕಪ್ ಗಾಡಿ ಅಂತ ಫೆಬ್ರವರಿವರೆಗೆ ತೊಳೆಯುವ ಕೆಲಸ ಇದ್ದೇ ಇದೆ. ಹಾಗಾಗಿ ನೀರನ್ನು ಜೋರಾಗಿ ಚಿಮ್ಮಿಸಿ ತೊಳೆಯುವ ಪ್ರೆಶರ್ ವಾಷರ್ ಕೆಟ್ಟರೆ ನಮ್ಮಂಥವರಿಗೆ ಕೆಡುವ ಕಾಲ ಅಕ್ಟೋಬರ್ರೇ. ಈ ಸಲ ಅದೇ ಆಯಿತು. ರಿಪೇರಿ ಈಗ ಮುಗಿದಿದೆ, ಏನೇನು ಮಾಡಿದೆ ಎಂದು ತಾರೀಖಿನ ಪ್ರಕಾರ ಬರೆದಿಡುತ್ತಿದ್ದೇನೆ. ಇಂಥದೇ ಮೆಷಿನ್ ಇಟ್ಟುಕೊಂಡವರು ನಮ್ಮ ಸುತ್ತಮುತ್ತ ಬೇಕಾದಷ್ಟು ಜನ ಇದ್ದಾರೆ, ಎಲ್ಲರದ್ದೂ ಎರಡು ಮೂರು ವರ್ಷಕ್ಕೆ ಮೂಲೆ ಸೇರುತ್ತಿದೆ.

ಮೆಷಿನ್ ವಿವರ ಇಷ್ಟು. ಇಂಡಕ್ಷನ್ ಮೋಟಾರ್, 1800 ವಾಟ್. ಗರಿಷ್ಠ ಪ್ರೆಶರ್ 130 ಬಾರ್. ನಿಮಿಷಕ್ಕೆ 6.5 ಲೀಟರ್ ನೀರು ಬೇಕು. ಪಂಪಿಗೆ ಹಿತ್ತಾಳೆ ಹೆಡ್, ಅಂದರೆ ವಾಲ್ವುಗಳಿರುವ ಮುಂಭಾಗ, ಒಳಗೆ ಮೂರು ಪಿಸ್ಟನ್, ಪಿಸ್ಟನ್ ಹಿಂದೆ ಎಣ್ಣೆ ತುಂಬಿದ ಭಾಗ. ಟ್ರಿಗರ್ ಬಿಟ್ಟರೆ ಮೋಟಾರ್ ತಾನೇ ನಿಲ್ಲುತ್ತದೆ, ಒತ್ತಿದರೆ ಮತ್ತೆ ಹೊರಡುತ್ತದೆ.

ತೊಂದರೆ ಮೂರು. ಒಂದು, ನೀರು ಒಂದೇ ಸಮ ಬರುತ್ತಿಲ್ಲ, ಬಿಟ್ಟು ಬಿಟ್ಟು ಬರುತ್ತಿದೆ. ಪ್ರೆಶರ್ ತೋರಿಸುವ ಗೇಜಿನ ಮುಳ್ಳು 40ಕ್ಕೂ 90ಕ್ಕೂ ನಡುವೆ ಕುಣಿಯುತ್ತಿತ್ತು. ಎರಡು, ಟ್ರಿಗರ್ ಬಿಟ್ಟು ಮೋಟಾರ್ ನಿಂತ ಮೇಲೂ ಅರ್ಧ ನಿಮಿಷಕ್ಕೊಮ್ಮೆ ತಾನಾಗಿ ಗರ್ರ್ ಎಂದು ಹೊರಟು ನಿಲ್ಲುತ್ತಿತ್ತು. ಮೂರು, ಪಂಪಿನ ಕೆಳಗೆ ಹನಿ.

ಅಕ್ಟೋಬರ್ 11, ಶನಿವಾರ: ಬಿಚ್ಚುವ ಮೊದಲು ಹೊರಗಿನ ಪರೀಕ್ಷೆ

ನೀರು ಬಿಟ್ಟು ಬಿಟ್ಟು ಬಂದರೆ ಎಲ್ಲರೂ ಮೊದಲು ನೋಡುವುದು ನಾಜಲ್, ಅಂದರೆ ನೀರು ಹೊರಬರುವ ತುದಿ. ನಾನೂ ಅಲ್ಲಿಂದಲೇ ಶುರು ಮಾಡಿದೆ. ನಾಜಲ್ ತೂತಿಗೆ ತೆಳು ತಂತಿ ಹಾಕಿ ಚುಚ್ಚಿ, ಹಿಂದಿನಿಂದ ನೀರು ಬಿಟ್ಟು ತೊಳೆದೆ. ಒಂದು ಸಣ್ಣ ಮರಳಿನ ಕಣ ಬಂತು. ಹಾಕಿ ಓಡಿಸಿದರೆ ಏನೂ ವ್ಯತ್ಯಾಸ ಇಲ್ಲ. ಪೆಟ್ಟಿಗೆಯಲ್ಲಿ ಹಾಗೇ ಇದ್ದ ಇನ್ನೊಂದು ಹಸಿರು ನಾಜಲ್, ಅಂದರೆ ನೀರನ್ನು 25 ಡಿಗ್ರಿ ಅಗಲಕ್ಕೆ ಬೀಸುವುದು, ಹಾಕಿದೆ. ಆಗಲೂ ಅಷ್ಟೇ. ಅಲ್ಲಿಗೆ ನಾಜಲ್ ತಪ್ಪಲ್ಲ ಎಂದು ಗೊತ್ತಾಯಿತು.

ಆಗ ಪಕ್ಕದಲ್ಲಿ ನಿಂತಿದ್ದ ನಮ್ಮ ಮೇಸ್ತ್ರಿ ಹೇಳಿದ, "ಅಣ್ಣಾ, ಈ ಕಡೆ ಪೈಪ್ ನೋಡಿ, ಹೆಂಗೆ ನಡುಗ್ತಾ ಇದೆ. ನೀರೇ ಸಾಲ್ತಿಲ್ಲ ಅನ್ಸುತ್ತೆ."

ನಲ್ಲಿಯಿಂದ ಮೆಷಿನ್ನಿಗೆ ಬರುವ ಪೈಪು ನಿಜಕ್ಕೂ ಅದುರುತ್ತಿತ್ತು. ಮುಟ್ಟಿದರೆ ಮೆತ್ತಗಿತ್ತು, ಒಳಗೆ ನೀರು ತುಂಬಿದ ಪೈಪು ಹಾಗಿರುವುದಿಲ್ಲ. ಮೆಷಿನ್ ನಿಲ್ಲಿಸಿ, ಪೈಪು ಕಳಚಿ ಬಕೆಟ್ಟಿಗೆ ಬಿಟ್ಟೆ, ಮೊಬೈಲಿನಲ್ಲಿ ಟೈಮ್ ನೋಡಿದೆ. 10 ಲೀಟರ್ ತುಂಬಲು 2 ನಿಮಿಷ 10 ಸೆಕೆಂಡ್. ಅಂದರೆ ನಿಮಿಷಕ್ಕೆ ಸುಮಾರು 4.6 ಲೀಟರ್. ಮೆಷಿನ್ ಕೇಳುವುದು 6.5. ಅಡುಗೆಮನೆಯಲ್ಲಿ ನಲ್ಲಿ ಬಿಟ್ಟರಂತೂ ಇನ್ನೂ ಕಡಿಮೆ. ಮಾಡಿನ ಮೇಲಿನ ಟ್ಯಾಂಕಿನಿಂದ ಅರ್ಧ ಇಂಚಿನ ಪೈಪಿನಲ್ಲಿ ಮನೆ ಸುತ್ತಿಕೊಂಡು ಅಂಗಳಕ್ಕೆ ಬರುವ ನೀರು ಅದು, ಅದಕ್ಕಿಂತ ಜಾಸ್ತಿ ಬರಲು ಸಾಧ್ಯವೇ ಇಲ್ಲ.

ಪಂಪಿಗೆ ನೀರು ಸಾಲದಿದ್ದರೆ ಪಿಸ್ಟನ್ ಎಳೆದಾಗ ಒಳಗೆ ಪೂರ್ತಿ ನೀರು ತುಂಬುವುದಿಲ್ಲ, ನಡುವೆ ಗುಳ್ಳೆ ಏಳುತ್ತದೆ. ಆ ಗುಳ್ಳೆ ಒಡೆಯುವ ಪೆಟ್ಟು ವಾಲ್ವಿಗೆ, ಪಿಸ್ಟನ್ ಸುತ್ತ ಸೋರದಂತೆ ತಡೆಯುವ ರಬ್ಬರ್ ಸೀಲಿಗೆ ಬೀಳುತ್ತಲೇ ಇರುತ್ತದೆ. ಸೀಲಿಗೆ ತಂಪು ಕೊಡುವುದೂ, ಜಾರಿಕೆ ಕೊಡುವುದೂ ಅದೇ ನೀರು. ಹಾಗಾಗಿ ನೀರಿನ ಕೊರತೆ ಅಂದರೆ ಸೀಲು ಬಿಸಿಯಾಗಿ ತೇಯುವುದು ಅಂತಲೇ ಅರ್ಥ.

ಮುಂದೆ ನೀರು ಒಳಹೋಗುವ ಕಡೆಯ ಜಾಳಿ. ಇದು ಹೆಚ್ಚಿನ ಮೆಷಿನ್ನುಗಳಲ್ಲಿ ಇರುತ್ತದೆ, ಪೈಪು ಸಿಕ್ಕಿಸುವ ಕಪ್ಲಿಂಗ್ ತಿರುಗಿಸಿ ತೆಗೆದರೆ ಒಳಗೆ ಬೆರಳಿನ ತುದಿಯಷ್ಟು ಸಣ್ಣದಾಗಿ ಕೂತಿರುತ್ತದೆ, ಮೂತಿ ಚೂಪಾದ ಇಕ್ಕಳದಲ್ಲಿ ಮೆಲ್ಲಗೆ ಎಳೆಯಬೇಕು. ನಮ್ಮದರಲ್ಲಿ ಕೆಮ್ಮಣ್ಣಿನ ಸಣ್ಣ ಕೆಸರು, ಪಾಚಿಯ ಎಳೆ ಎರಡೂ ಇತ್ತು. ಅದಕ್ಕಿಂತ ಮುಖ್ಯ, ಜಾಳಿ ಒಂದು ಕಡೆ ಹರಿದಿತ್ತು. ಅಂದ ಮೇಲೆ ಕಸ ಒಳಗೆ ಹೋಗಿದೆ. ಇನ್ನು ಬಿಚ್ಚದೆ ಗತಿಯಿಲ್ಲ.

ಟ್ರಿಗರ್ ಬಿಟ್ಟ ಮೇಲೆ ಮೋಟಾರ್ ತಾನಾಗಿ ಹೊರಡುವುದಕ್ಕೂ ಕಾರಣ ಹುಡುಕಿದೆ. ಈ ಜಾತಿಯ ಮೆಷಿನ್ನಿನಲ್ಲಿ ಟ್ರಿಗರ್ ಬಿಟ್ಟಾಗ ಒಳಗೆ ಉಳಿದ ಪ್ರೆಶರ್ ಒಂದು ಸಣ್ಣ ಕಡ್ಡಿಯನ್ನು ತಳ್ಳಿ ಸ್ವಿಚ್ ಆಫ್ ಮಾಡಿಸುತ್ತದೆ. ಆ ಪ್ರೆಶರ್ ಎಲ್ಲಾದರೂ ಸೋರಿದರೆ ಸ್ವಿಚ್ ಮತ್ತೆ ಆನ್. ಗನ್ನಿನ ಬಾಯಿ, ಹೋಸಿನ ಎರಡೂ ತುದಿ, ಗನ್ನಿನ ಮುಂದಿನ ಉದ್ದ ಕೊಳವೆಯ, ಅಂದರೆ ಲ್ಯಾನ್ಸಿನ, ಜಾಯಿಂಟ್ ಎಲ್ಲಕ್ಕೂ ಒಣ ಟಿಶ್ಯೂ ಪೇಪರ್ ಸುತ್ತಿ ನೋಡಿದೆ. ಎಲ್ಲೂ ಒದ್ದೆಯಾಗಲಿಲ್ಲ. ಹೊರಗೆ ಸೋರುತ್ತಿಲ್ಲ ಎಂದಾದರೆ ನೀರನ್ನು ಹಿಂದಕ್ಕೆ ಬಿಡದ ಒಳಗಿನ ನಾನ್ ರಿಟರ್ನ್ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಅದಕ್ಕೂ ಕಸವೇ ಕಾರಣ ಇರಬಹುದು ಎಂದು ಅಂದಾಜಿಸಿದೆ.

ಅಕ್ಟೋಬರ್ 12, ಭಾನುವಾರ: ಪಂಪ್ ಬಿಚ್ಚಿದ್ದು

ಪ್ಲಗ್ ಕಿತ್ತೆ. ನೀರು ಬಂದ್ ಮಾಡಿ ಟ್ರಿಗರ್ ಒತ್ತಿ ಒಳಗಿನ ಪ್ರೆಶರ್ ಬಿಟ್ಟೆ. ಈ ಕೆಲಸವನ್ನು ಮಾತ್ರ ಯಾವತ್ತೂ ತಪ್ಪಿಸಬೇಡಿ. ಈ ಮೆಷಿನ್ನಿನ ನೀರು ಚರ್ಮ ತೂರಿಕೊಂಡು ಒಳಗೆ ಹೋಗುತ್ತದೆ, ಹೊರಗೆ ನೋಡಿದರೆ ಸಣ್ಣ ಚುಕ್ಕಿ ಅಷ್ಟೇ ಕಾಣುತ್ತದೆ, ಒಳಗೆ ಗಾಯ ದೊಡ್ಡದಿರುತ್ತದೆ. ಹಾಗೇನಾದರೂ ಆದರೆ ಅರಿಶಿನ ಹಚ್ಚಿಕೊಂಡು ಕೂರದೆ ಕೂಡಲೇ ಆಸ್ಪತ್ರೆಗೆ ಹೋಗಬೇಕು, ಪ್ರೆಶರ್ ನೀರು ಹೊಕ್ಕಿದೆ ಎಂದೇ ಹೇಳಬೇಕು.

ಬೇಕಾದ ಸಾಮಾನು: 5 ಮತ್ತು 6 ಎಂಎಂ ಅಲನ್ ಕೀ, ಸ್ಟಾರ್ ಸ್ಕ್ರೂಡ್ರೈವರ್, ಸರ್‌ಕ್ಲಿಪ್ ಇಕ್ಕಳ, ರಬ್ಬರ್ ಸುತ್ತಿಗೆ, ಸಣ್ಣ ಅಳತೆಗೆ ವರ್ನಿಯರ್, ಹಳೇ ಟೂತ್ ಬ್ರಶ್, ಮೊಟ್ಟೆ ಇಡುವ ಟ್ರೇ. ಟ್ರೇ ಯಾಕೆಂದರೆ ಮೂರು ಪಿಸ್ಟನ್‌ಗೆ ಆರು ವಾಲ್ವ್, ಮೂರು ಒಳಕ್ಕೆ, ಮೂರು ಹೊರಕ್ಕೆ. ಎಲ್ಲವೂ ನೋಡಲು ಒಂದೇ ಥರ. ಯಾವುದು ಎಲ್ಲಿತ್ತೋ ಅಲ್ಲೇ ವಾಪಸ್ ಹೋಗಬೇಕು. ಪ್ರತಿ ಹಂತಕ್ಕೂ ಮೊಬೈಲಿನಲ್ಲಿ ಫೋಟೋ ತೆಗೆದೆ.

ಪ್ಲಾಸ್ಟಿಕ್ ಕವಚ ತೆಗೆದು ಮೋಟಾರ್ ಸಮೇತ ಪಂಪನ್ನು ಹೊರಗೆ ಎತ್ತಿದೆ. ಹೆಡ್ಡಿಗೆ ನಾಲ್ಕು ಬೋಲ್ಟ್, 6 ಎಂಎಂ ಕೀ. ಎದುರುಬದುರು ಬೋಲ್ಟನ್ನು ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ ಬಂದೆ. ಒಂದೇ ಬೋಲ್ಟ್ ಪೂರ್ತಿ ತೆಗೆದುಬಿಟ್ಟರೆ ಒಳಗಿನ ಸ್ಪ್ರಿಂಗ್ ತಳ್ಳಿ ಹೆಡ್ ಓರೆಯಾಗುತ್ತದೆ. ರಬ್ಬರ್ ಸುತ್ತಿಗೆಯಲ್ಲಿ ಸುತ್ತಲೂ ಮೆಲ್ಲಗೆ ತಟ್ಟಿದ ಮೇಲೆ ಹೆಡ್ ಬಂತು.

ಒಳಗೆ ಕಂಡದ್ದು:

ಒಳಕ್ಕೆ ನೀರು ಬಿಡುವ ವಾಲ್ವುಗಳಲ್ಲಿ ಒಂದರ ಬಾಯಲ್ಲಿ ಮರಳಿನ ಕಣ ಸಿಕ್ಕಿಕೊಂಡು ವಾಲ್ವ್ ತೆರೆದೇ ಇತ್ತು. ಮೂರು ಪಿಸ್ಟನ್‌ನಲ್ಲಿ ಒಂದು ಕೆಲಸವೇ ಮಾಡುತ್ತಿರಲಿಲ್ಲ ಅಂದ ಹಾಗಾಯಿತು. ನಾನ್ ರಿಟರ್ನ್ ವಾಲ್ವ್ ಕೂರುವ ಜಾಗದಲ್ಲಿ ಕೆಂಪು ಕೆಸರು ಗಟ್ಟಿಯಾಗಿ ಅಂಟಿತ್ತು. ನೀರಿನ ಸೀಲುಗಳ ತುಟಿ ಮೂರರಲ್ಲೂ ತೇಯ್ದಿತ್ತು, ಒಂದರಲ್ಲಿ ಸಣ್ಣ ಚೂರು ಹಾರಿಹೋಗಿತ್ತು. ಕೆಳಗೆ ಹನಿ ಬೀಳುತ್ತಿದ್ದದ್ದು ಅಲ್ಲಿಂದ.

ಪಿಸ್ಟನ್ ಮೇಲೆ ಉಗುರು ಆಡಿಸಿ ನೋಡಿದೆ. ಈ ಪರೀಕ್ಷೆ ಬಹಳ ಮುಖ್ಯ. ಉಗುರಿಗೆ ಗೀರು ಸಿಕ್ಕಿದರೆ ಹೊಸ ಸೀಲು ಹಾಕಿ ಪ್ರಯೋಜನ ಇಲ್ಲ, ಆ ಗೀರು ಹೊಸ ಸೀಲನ್ನೂ ಕೆಲವೇ ದಿನದಲ್ಲಿ ತಿಂದುಹಾಕುತ್ತದೆ. ನಮ್ಮದು ಸ್ಟೀಲ್ ಪಿಸ್ಟನ್, 12 ಎಂಎಂ. ಗೀರು ಇರಲಿಲ್ಲ, ಒಂದರ ಮೇಲೆ ಬಿಳಿ ಕಲೆ ಮಾತ್ರ. ವಿನೆಗರ್ ಹಾಕಿದ ಬಟ್ಟೆಯಲ್ಲಿ ಒರೆಸಿದರೆ ಹೋಯಿತು. ಪಾತ್ರೆ ಉಜ್ಜುವ ಹಸಿರು ನಾರನ್ನು ಇದಕ್ಕೆ ಮುಟ್ಟಿಸಬೇಡಿ, ಅದೇ ಗೀರು ಹಾಕುತ್ತದೆ.

ಕೊನೆಗೆ ಎಣ್ಣೆ. ಡ್ರೈನ್ ಬೋಲ್ಟ್ ತೆಗೆದರೆ ಹಾಲು ಹಾಕಿದ ಕಾಫಿಯ ಬಣ್ಣದ್ದು ಬಂತು. ಎಣ್ಣೆಗೆ ನೀರು ಸೇರಿದರೆ ಹೀಗಾಗುತ್ತದೆ. ಮೆಷಿನ್ ಜೊತೆ ಬಂದ ಪುಸ್ತಕದ ಪ್ರಕಾರ 120 ಮಿ.ಲೀ. ಇರಬೇಕಿತ್ತು, ಅಳೆದರೆ 150ರ ಹತ್ತಿರ ಬಂತು, ಹೆಚ್ಚಿನದ್ದೆಲ್ಲ ನೀರೇ. ನೀರಿನ ಸೀಲು ಸೋರಿ, ಅದರ ಹಿಂದಿನ ಎಣ್ಣೆ ಸೀಲೂ ಸೋತಿದೆ ಎಂದರ್ಥ. ಹೀಗೇ ಇನ್ನೊಂದು ಸೀಸನ್ ಓಡಿಸಿದ್ದರೆ ಬೇರಿಂಗ್ ತುಕ್ಕು ಹಿಡಿದು ಪಂಪೇ ಹೋಗುತ್ತಿತ್ತು. ಬೇರಿಂಗ್ ಕೈಯಲ್ಲಿ ತಿರುಗಿಸಿದೆ, ನುಣ್ಣಗೆ ತಿರುಗಿತು, ಸದ್ದಿಲ್ಲ. ಅದು ಸಮಾಧಾನದ ವಿಷಯ.

ಅಕ್ಟೋಬರ್ 13, ಸೋಮವಾರ: ಚಿಕ್ಕಮಗಳೂರಿನಲ್ಲಿ ವಿಚಾರಿಸಿದ್ದು

ಹೆಡ್ಡನ್ನು ಚೀಲದಲ್ಲಿ ಹಾಕಿಕೊಂಡು ಚಿಕ್ಕಮಗಳೂರಿಗೆ ಹೋದೆ. ಒಂದು ಅಂಗಡಿಯವರು ನೋಡಿ, "ಪಂಪ್ ಹೋಗಿದೆ ಸಾರ್. ಇದಕ್ಕೆಲ್ಲ ಸೀಲು ಬಿಡಿಯಾಗಿ ಬರಲ್ಲ, ಪೂರ್ತಿ ಪಂಪೇ ಹಾಕ್ಬೇಕು, ಒಂಬತ್ತೂವರೆ ಸಾವಿರ ಆಗುತ್ತೆ" ಎಂದರು. ಅಷ್ಟು ದುಡ್ಡಿಗೆ ಇನ್ನೊಂದು ಮೂರು ಸಾವಿರ ಸೇರಿಸಿದರೆ ಹೊಸ ಮೆಷಿನ್ನೇ ಬರುತ್ತದೆ ಎನ್ನುವುದು ಅವರ ಲೆಕ್ಕ. ಕೇಳಿದವರು ಬಹಳ ಜನ ಇಲ್ಲೇ ಕೈಬಿಡುತ್ತಾರೆ. ಆದರೆ ಬೇರಿಂಗ್ ಚೆನ್ನಾಗಿದ್ದು, ಪಿಸ್ಟನ್ ಗೀರಿಲ್ಲದೆ ಇದ್ದರೆ ಪಂಪ್ ಹೋಗಿಲ್ಲ, ಹೋಗಿರುವುದು ರಬ್ಬರ್ ಮಾತ್ರ. ರಬ್ಬರಿಗೆ ಒಂಬತ್ತೂವರೆ ಸಾವಿರ ಕೊಡಲು ನನಗೆ ಮನಸ್ಸಾಗಲಿಲ್ಲ.

ನೀರಿನ ಸೀಲು, ಓ ರಿಂಗ್ (ಸಂದಿನಲ್ಲಿ ಒತ್ತಿ ಕೂರುವ ರಬ್ಬರ್ ಬಳೆ) ಸೇರಿದ ಕಿಟ್ಟನ್ನು ಆನ್‌ಲೈನಿನಲ್ಲಿ ಆರ್ಡರ್ ಮಾಡಿದೆ. 850 ರೂಪಾಯಿ. ಎಣ್ಣೆ ಸೀಲು ಕಿಟ್ಟಿನಲ್ಲಿ ಇರಲಿಲ್ಲ.

ಅಕ್ಟೋಬರ್ 18, ಶನಿವಾರ: ಹಾಸನ

ಬೇರೆ ಕೆಲಸಕ್ಕೆ ಬೇಲೂರು ದಾರಿಯಲ್ಲಿ ಹಾಸನಕ್ಕೆ ಹೋಗುವುದಿತ್ತು. ಹಾಸನಾಂಬ ದರ್ಶನದ ಸಮಯ, ಊರೊಳಗೆ ಗಾಡಿ ನಿಲ್ಲಿಸಲು ಜಾಗ ಸಿಗುವುದೇ ಕಷ್ಟ. ಆದರೂ ಬೇರಿಂಗ್, ಎಣ್ಣೆ ಸೀಲು ಮಾರುವ ಅಂಗಡಿ ಹುಡುಕಿ ಹೋದೆ. ಇಂಥ ಅಂಗಡಿಯಲ್ಲಿ ಮೆಷಿನ್ ಹೆಸರು ಹೇಳಿದರೆ ಏನೂ ಸಿಗುವುದಿಲ್ಲ, ಅಳತೆ ಹೇಳಬೇಕು. ಒಳಗೆ 12, ಹೊರಗೆ 20, ದಪ್ಪ 5 ಎಂದು ಚೀಟಿ ಕೊಟ್ಟೆ, ಅವರು ಡಬ್ಬಿಯಿಂದ ಎತ್ತಿ ಕೊಟ್ಟರು. ಒಂದಕ್ಕೆ 60 ರೂಪಾಯಿಯಂತೆ ಮೂರಕ್ಕೆ 180. ಹಳೇ ಸೀಲಿನ ಮೇಲೆ ಈ ನಂಬರು ಅಚ್ಚಾಗಿರುತ್ತದೆ, ಒರೆಸಿ ಬೆಳಕಿಗೆ ಹಿಡಿದರೆ ಓದಬಹುದು.

15ಡಬ್ಲ್ಯೂ40 ಎಂಜಿನ್ ಎಣ್ಣೆ ಒಂದು ಲೀಟರ್ 380. ಇದು ನಮ್ಮ ಮೆಷಿನ್ನಿನ ಪುಸ್ತಕದಲ್ಲಿ ಬರೆದದ್ದು, ನಿಮ್ಮದಕ್ಕೆ ಬೇರೆ ಇರಬಹುದು. ಸಿಲಿಕೋನ್ ಗ್ರೀಸ್ ಸಣ್ಣ ಟ್ಯೂಬ್ 150. ಬೇರಿಂಗಿಗೆ ಹಾಕುವ ಹಳದಿ ಗ್ರೀಸನ್ನು ಓ ರಿಂಗಿಗೆ ಹಚ್ಚುವ ಅಭ್ಯಾಸ ನಮ್ಮ ಕಡೆ ಇದೆ. ಕೆಲವು ಜಾತಿಯ ರಬ್ಬರ್ ಆ ಗ್ರೀಸಿಗೆ ಉಬ್ಬಿ ಮೆತ್ತಗಾಗುತ್ತದೆ. ಯಾವ ರಬ್ಬರ್ ಎಂದು ನೋಡಿ ಹೇಳುವುದು ಕಷ್ಟ, ಸಿಲಿಕೋನ್ ಗ್ರೀಸ್ ಆದರೆ ಆ ತಲೆಬಿಸಿ ಇಲ್ಲ.

ಅಕ್ಟೋಬರ್ 19, ಭಾನುವಾರ: ಜೋಡಿಸಿದೆ, ಸೋರಿತು

ಹಿಂದಿನ ದಿನವೇ ಕಿಟ್ ಬಂದಿತ್ತು. ಎಣ್ಣೆ ಸೀಲು ಕೂರಿಸಲು ಅದರ ಹೊರ ಅಳತೆಗೆ ಸರಿಹೋಗುವ ಸಾಕೆಟ್ ಇಟ್ಟು ರಬ್ಬರ್ ಸುತ್ತಿಗೆಯಲ್ಲಿ ತಟ್ಟಿದೆ, ಓರೆಯಾಗದಂತೆ. ಸ್ಪ್ರಿಂಗ್ ಕಾಣುವ ಮುಖ ಎಣ್ಣೆಯ ಕಡೆಗೆ. ನೀರಿನ ಸೀಲಿನ ತೆರೆದ ತುಟಿ ನೀರಿನ ಕಡೆಗೆ. ಇದು ತಿರುವುಮುರುವಾದರೆ ಮೊದಲ ನಿಮಿಷದಲ್ಲೇ ಸೋರುತ್ತದೆ, ಆದ್ದರಿಂದ ಬಿಚ್ಚುವಾಗ ತೆಗೆದ ಫೋಟೋ ನೋಡಿಕೊಂಡೇ ಹಾಕಿದೆ. ವಾಲ್ವ್‌ಗಳನ್ನು ಸೀಮೆಎಣ್ಣೆ ಪೆಟ್ರೋಲ್ ಏನೂ ಇಲ್ಲದೆ ಬರೀ ಸೋಪು ನೀರು, ಬ್ರಶ್‌ನಲ್ಲಿ ತೊಳೆದು ಒಣಗಿಸಿದ್ದೆ. ಒಂದೊಂದನ್ನೂ ಬೆರಳಿನಲ್ಲಿ ಒತ್ತಿ, ಬಿಟ್ಟಾಗ ಟಕ್ ಎಂದು ವಾಪಸ್ ಬರುತ್ತದಾ ನೋಡಿದೆ. ಬೋಲ್ಟ್ ಎದುರುಬದುರಾಗಿ ಮೂರು ಸುತ್ತಿನಲ್ಲಿ ಬಿಗಿ ಮಾಡಿದೆ.

ಎಣ್ಣೆಯನ್ನು ಮೊದಲು ಸ್ವಲ್ಪ ಹಾಕಿ, ಪಂಪನ್ನು ಕೈಯಲ್ಲಿ ತಿರುಗಿಸಿ, ಅದನ್ನು ಪೂರ್ತಿ ಬಸಿದು ಚೆಲ್ಲಿದೆ, ಒಳಗೆ ಉಳಿದ ನೀರಿನ ಪಸೆ ಹೋಗಲಿ ಎಂದು. ಬಸಿದದ್ದು ಇನ್ನೂ ಮಬ್ಬಾಗಿಯೇ ಇತ್ತು. ಎರಡನೇ ಸಲ ಸ್ವಚ್ಛ ಬಂತು. ಆಮೇಲೆ 120 ಮಿ.ಲೀ. ಹಾಕಿ, ಗಾಜಿನ ಕಿಂಡಿಯ ಅರ್ಧಕ್ಕೆ ನಿಲ್ಲಿಸಿದೆ.

ಓಡಿಸಿದರೆ ಪ್ರೆಶರ್ ಚೆನ್ನಾಗಿ ಬಂತು, ಆದರೆ ಹೆಡ್ಡಿನ ಪಕ್ಕದಿಂದ ನೀರು ಚಿಮ್ಮಿತು. ಬೋಲ್ಟ್ ಇನ್ನೂ ಬಿಗಿ ಮಾಡಿ ನೋಡೋಣ ಎಂದು ಮೇಸ್ತ್ರಿ ಹೇಳಿದ. ಹಿತ್ತಾಳೆ ಹೆಡ್ಡು, ಕೆಳಗೆ ಅಲ್ಯೂಮಿನಿಯಂ, ಜಾಸ್ತಿ ಬಿಗಿದರೆ ಥ್ರೆಡ್ಡೇ ಕಿತ್ತುಕೊಂಡು ಬರುತ್ತದೆ. ಬೇಡ ಎಂದು ಮತ್ತೆ ಬಿಚ್ಚಿದೆ. ಹಳೇ ಓ ರಿಂಗು, ಹೊಸ ಓ ರಿಂಗು ಎರಡನ್ನೂ ವರ್ನಿಯರಿನಲ್ಲಿ ಹಿಡಿದೆ. ಸುತ್ತಳತೆ ಒಂದೇ. ದಪ್ಪ ಹಳೆಯದು 2.4 ಎಂಎಂ, ಕಿಟ್ಟಿನದ್ದು 2. ಹಳೆಯದು ವರ್ಷಗಟ್ಟಲೆ ಒತ್ತಿಹೋಗಿದ್ದೂ 2.4 ಇದೆ! ಕಣ್ಣಿಗೆ ಎರಡೂ ಒಂದೇ ಕಾಣುತ್ತವೆ. 0.4 ಎಂಎಂ ಕಡಿಮೆ ಎಂದರೆ ತೋಡಿನಲ್ಲಿ ಅದು ಒತ್ತಿ ಕೂರುವುದೇ ಇಲ್ಲ, 100 ಬಾರ್ ನೀರಿಗೆ ಅಷ್ಟು ಸಂದು ಬೇಕಾದಷ್ಟಾಯಿತು.

ಕಿಟ್ ತರಿಸುವವರಿಗೆ ನನ್ನ ಮಾತು ಇಷ್ಟೇ, ಪೊಟ್ಟಣ ಒಡೆದ ಕೂಡಲೇ ಪ್ರತಿಯೊಂದನ್ನೂ ಹಳೆಯದರ ಜೊತೆ ವರ್ನಿಯರಿನಲ್ಲಿ ಅಳೆಯಿರಿ. ಹಳೆಯದನ್ನು ಬಿಸಾಡಬೇಡಿ.

ಅಕ್ಟೋಬರ್ 26, ಭಾನುವಾರ: ಸರಿಯಾದ ಓ ರಿಂಗ್

ದೀಪಾವಳಿ ಗಲಾಟೆಯಲ್ಲಿ ಅಂಗಡಿಗಳು ಮುಚ್ಚಿದ್ದವು. ಹಬ್ಬ ಕಳೆದ ಮೇಲೆ ಹೈಡ್ರಾಲಿಕ್ ಹೋಸ್ ಮಾಡಿಕೊಡುವ ಅಂಗಡಿಯಲ್ಲಿ ಅಳತೆ ಕೊಟ್ಟು ನೈಟ್ರೈಲ್ ಓ ರಿಂಗ್ ತಂದೆ, ಒಂದಕ್ಕೆ 15 ರೂಪಾಯಿಯಂತೆ ಎಂಟು. ಜೆಸಿಬಿ, ಟ್ರ್ಯಾಕ್ಟರಿಗೆ ಕೆಲಸ ಮಾಡುವ ಇಂಥ ಅಂಗಡಿ ಈಗ ತಾಲ್ಲೂಕು ಊರುಗಳಲ್ಲೂ ಇದೆ, ಓ ರಿಂಗಿಗೆ ಅವರೇ ಸರಿ. ಹೆಡ್ಡಿಗೆ ಬೇಕಾದದ್ದು ಹಾಕಿ, ಹೋಸಿನ ತುದಿ, ಲ್ಯಾನ್ಸಿನದ್ದನ್ನೂ ಅದರಲ್ಲೇ ಬದಲಾಯಿಸಿದೆ.

ಈ ಸಲ ಹನಿ ಇಲ್ಲ. ಗೇಜು 110ರಲ್ಲಿ ಅಲುಗದೆ ನಿಂತಿತು. ಟ್ರಿಗರ್ ಬಿಟ್ಟು ಹತ್ತು ನಿಮಿಷ ಕಾದೆ, ಮೋಟಾರ್ ತಾನಾಗಿ ಹೊರಡಲಿಲ್ಲ. ಆದರೆ ಈ ಪರೀಕ್ಷೆಗೆ ನೀರು ಕೊಟ್ಟದ್ದು ಅಂಗಳದ ನಲ್ಲಿಯಿಂದ ಅಲ್ಲ, ಎತ್ತರದಲ್ಲಿಟ್ಟ ದೊಡ್ಡ ಬಕೆಟ್ಟಿನಿಂದ ದಪ್ಪ ಪೈಪಿನಲ್ಲಿ. ಅದೇ ನಲ್ಲಿಗೆ ಮತ್ತೆ ಹಾಕಿದ್ದರೆ ಹೊಸ ಸೀಲಿಗೂ ಹಳೇ ಗತಿಯೇ ಬರುತ್ತಿತ್ತು. ರಿಪೇರಿಯ ಅರ್ಧ ಮಾತ್ರ ಇಲ್ಲಿಗೆ ಆಯಿತು.

ನವೆಂಬರ್ 1, ಶನಿವಾರ: ನೀರಿನ ವ್ಯವಸ್ಥೆ

ಮೊದಲು ಸುಲಭದ್ದು ನೋಡಿದೆ. ಕಣದ ಪಕ್ಕದ ತೊಟ್ಟಿಯಿಂದ ಮೆಷಿನ್ನೇ ಎಳೆದುಕೊಳ್ಳಲಿ ಎಂದು ಪೈಪಿನ ತುದಿಗೆ ನೀರು ವಾಪಸ್ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಹಾಕಿ ಬಿಟ್ಟೆ. ಇದಕ್ಕೆ ಎಳೆಯುವ ಶಕ್ತಿ ಇದೆ ಎಂದು ಪುಸ್ತಕದಲ್ಲೇ ಇದೆ. ಎಳೆಯಿತು ಕೂಡ. ಆದರೆ ಗಿಡಕ್ಕೆ ನೀರು ಬಿಡುವ ಮೆತ್ತನೆ ಪೈಪು ಎಳೆತಕ್ಕೆ ಚಪ್ಪಟೆಯಾಗಿ ಅಂಟಿಕೊಂಡಿತು, ಗೇಜು ಮತ್ತೆ ಕುಣಿಯಲು ಶುರು. ಗಟ್ಟಿ ಸಕ್ಷನ್ ಹೋಸ್ ಹಾಕಿದರೆ ನಡೆಯಬಹುದು, ಆದರೆ ಎಳೆಯುವ ಪೈಪಿನಲ್ಲಿ ಎಲ್ಲಿ ಕ್ಲಾಂಪ್ ಸಡಿಲ ಇದ್ದರೂ ನೀರು ಹೊರಗೆ ಬರುವ ಬದಲು ಗಾಳಿ ಒಳಗೆ ಹೋಗುತ್ತದೆ, ಕಣ್ಣಿಗೆ ಕಾಣುವುದೂ ಇಲ್ಲ. ನೀರು ಪಂಪಿಗಿಂತ ಮೇಲೆ ಇರುವುದೇ ಒಳ್ಳೆಯದು ಎಂದು ತೀರ್ಮಾನಿಸಿದೆ.

200 ಲೀಟರಿನ ಪ್ಲಾಸ್ಟಿಕ್ ಡ್ರಮ್, ಹಳೆಯದು, 900 ರೂಪಾಯಿ. ಸಿಮೆಂಟ್ ಇಟ್ಟಿಗೆ ಪೇರಿಸಿ ಎರಡು ಅಡಿ ಎತ್ತರದಲ್ಲಿ ಇಟ್ಟೆ. ತಳದಿಂದ ಮೂರು ಇಂಚು ಮೇಲೆ ತೂತು ಮಾಡಿ ಒಂದು ಇಂಚಿನ ಟ್ಯಾಂಕ್ ನಿಪ್ಪಲ್. ತಳಕ್ಕೇ ಹಾಕಬೇಡಿ, ಆ ಮೂರು ಇಂಚಿನಲ್ಲಿ ಕೆಸರು ಕೂರಲಿ. ಅದರ ಮುಂದೆ ಬಾಲ್ ವಾಲ್ವ್, ಆಮೇಲೆ ಡ್ರಿಪ್ ನೀರಾವರಿಗೆ ಬಳಸುವ 120 ಮೆಶ್ ಜಾಳಿ ಫಿಲ್ಟರ್, ಅಲ್ಲಿಂದ ದಾರ ಹೆಣೆದ ಒಂದು ಇಂಚಿನ ಹೋಸ್ ಒಂದೂವರೆ ಮೀಟರ್. 120 ಮೆಶ್ ಅಂದರೆ ಜಾಳಿಯ ತೂತು ಸುಮಾರು 130 ಮೈಕ್ರಾನ್, 0.13 ಎಂಎಂ. ವಾಲ್ವಿನಲ್ಲಿ ಸಿಕ್ಕಿಕೊಂಡಿದ್ದಂಥ ಮರಳು ಇದನ್ನು ದಾಟುವುದಿಲ್ಲ. ಫಿಲ್ಟರ್ 350, ಹೋಸ್, ಫಿಟ್ಟಿಂಗ್, ಫ್ಲೋಟ್ ವಾಲ್ವ್ ಎಲ್ಲ ಸೇರಿ 1150.

ಡ್ರಮ್ಮಿಗೆ ನೀರು ತುಂಬುವುದು ಅದೇ ಅರ್ಧ ಇಂಚಿನ ನಲ್ಲಿ, ಫ್ಲೋಟ್ ವಾಲ್ವ್ ಮೂಲಕ. ಮೆಷಿನ್ ನಿಮಿಷಕ್ಕೆ 6.5 ಲೀಟರ್ ತೆಗೆಯುತ್ತದೆ, ನಲ್ಲಿ 4.6 ತುಂಬುತ್ತದೆ, ಕೊರತೆ 1.9. ತುಂಬಿದ ಡ್ರಮ್ಮಿನಲ್ಲಿ 180 ಲೀಟರ್ ಬಳಕೆಗೆ ಸಿಗುತ್ತದೆ ಎಂದರೂ ಟ್ರಿಗರ್ ಬಿಡದೆ ಒಂದೂವರೆ ಗಂಟೆ ಓಡಿಸಬಹುದು. ಅಷ್ಟು ಹೊತ್ತು ಯಾರೂ ಬಿಡದೆ ಹಿಡಿಯುವುದಿಲ್ಲ, ಕೈ ನೋಯುತ್ತದೆ.

ಫಿಲ್ಟರ್‌ನಿಂದ ನಿಮಿಷಕ್ಕೆ ಎಷ್ಟು ಬರುತ್ತದೆ ಎಂದು ಬಕೆಟ್ ಇಟ್ಟು ನೋಡಿದೆ, ಹತ್ತು ಲೀಟರಿಗಿಂತ ಮೇಲೆ. ಇಷ್ಟು ಇದ್ದರೆ ಚಿಂತೆಯಿಲ್ಲ. ಹರಿದ ಒಳ ಜಾಳಿಯ ಬದಲು ಹೊಸದು ಕಿಟ್ಟಿನಲ್ಲೇ ಬಂದಿತ್ತು, ಅದನ್ನೂ ಹಾಕಿದೆ.

ನವೆಂಬರ್ 2, ಭಾನುವಾರ: ಕರೆಂಟ್

ಸಂಜೆ ಹೊತ್ತು ಮೋಟಾರ್ ಗುಂಯ್ ಎಂದು ನಿಂತುಬಿಡುವ ಕಾಯಿಲೆ ಮೊದಲಿಂದ ಇತ್ತು. ತೋಟದ ಲೈನಿನಲ್ಲಿ ಸಂಜೆ ವೋಲ್ಟೇಜ್ ಇಳಿಯುತ್ತದೆ, ಮೀಟರಿನಲ್ಲಿ 190 ತೋರಿಸಿತು. ಮೆಷಿನ್ನಿನ ಪ್ಲಗ್ ಹತ್ತಿರ ಅಳೆದರೆ ಸ್ಟಾರ್ಟ್ ಆಗುವ ಕ್ಷಣಕ್ಕೆ ಇನ್ನೂ ಕೆಳಗೆ. ಕಾರಣ ಎಕ್ಸ್‌ಟೆನ್ಷನ್ ವೈರ್. 20 ಮೀಟರ್ ಉದ್ದ, 1 ಚದರ ಎಂಎಂ ವೈರು. ಓಡುವಾಗ ಸುಮಾರು 9 ಆಂಪಿಯರ್ ಎಳೆಯುವ ಮೋಟಾರ್ ಶುರುವಾಗುವಾಗ ಅದರ ಹಲವು ಪಟ್ಟು ಎಳೆಯುತ್ತದೆ, ಈ ವೈರಿನಲ್ಲೇ ಮೂವತ್ತು ವೋಲ್ಟ್ ಹೋಗಿಬಿಡುತ್ತದೆ. 2.5 ಚದರ ಎಂಎಂ, ಮೂರು ಕೋರಿನ ತಾಮ್ರದ ವೈರ್ 20 ಮೀಟರಿಗೆ 3000 ರೂಪಾಯಿ ಆಯಿತು, 16 ಆಂಪಿಯರ್ ಪ್ಲಗ್ ಸಾಕೆಟ್ 450. ಈ ಇಡೀ ಕೆಲಸದಲ್ಲಿ ದುಬಾರಿ ಇದೇ, ಆದರೆ ವೈರು ಪಲ್ಪರಿಗೂ, ಬೇರೆಯದಕ್ಕೂ ಬರುತ್ತದೆ. ಒದ್ದೆ ನೆಲದ ಮೇಲೆ ನಿಂತು ಮಾಡುವ ಕೆಲಸ, ಅರ್ಥಿಂಗ್ ಸರಿಯಿರಲಿ, ಕರೆಂಟ್ ಸೋರಿದರೆ ತಾನೇ ಆಫ್ ಆಗುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಇರಲಿ. ನಮ್ಮಲ್ಲಿ ಅದು ಇತ್ತು, ಟೆಸ್ಟ್ ಬಟನ್ ಒತ್ತಿ ಬೀಳುತ್ತದಾ ನೋಡಿದೆ.

ಜೊತೆಗೆ ಮೋಟಾರ್ ಹೊರಡಲು ನೆರವಾಗುವ ಕೆಪಾಸಿಟರ್ ಅಳೆದೆ. ಮೇಲೆ ಬರೆದದ್ದು 40 ಮೈಕ್ರೋಫ್ಯಾರಡ್, ಮೀಟರ್ ತೋರಿಸಿದ್ದು 29. ಹೊಸದು 260 ರೂಪಾಯಿ. ಪ್ಲಗ್ ಕಿತ್ತ ಮೇಲೂ ಕೆಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತದೆ, ಎರಡು ಕಾಲಿಗೆ ಬಲ್ಬ್ ಹೋಲ್ಡರಿನ ವೈರ್ ಮುಟ್ಟಿಸಿ ಖಾಲಿ ಮಾಡಿದ ಮೇಲೆಯೇ ಕೈ ಹಾಕಬೇಕು. ಈಗ ಸಂಜೆಯೂ ಒಂದೇ ಏಟಿಗೆ ಹೊರಡುತ್ತದೆ.

ಖರ್ಚು ಕೂಡಿದರೆ ಪಂಪ್ ಮತ್ತು ಮೋಟಾರಿಗೆ 1940, ನೀರಿನ ವ್ಯವಸ್ಥೆಗೆ 2400, ವೈರಿಗೆ 3450. ಒಟ್ಟು 7790. ಬರೀ ಹೊಸ ಪಂಪ್ ಹಾಕಿ 9500 ಕೊಟ್ಟಿದ್ದರೆ ನೀರು, ವೈರು ಎರಡೂ ಹಾಗೇ ಉಳಿದು, ಹೊಸ ಪಂಪೂ ಅದೇ ದಾರಿ ಹಿಡಿಯುತ್ತಿತ್ತು.

ನವೆಂಬರ್ 9ರಿಂದ: ಕೆಲಸಕ್ಕೆ ಹಚ್ಚಿದ ಮೇಲೆ

ಕಣ ಪೂರ್ತಿ ತೊಳೆದಾಯಿತು. ಈಗ ಮೆಷಿನ್ ಮುಟ್ಟುವವರಿಗೆಲ್ಲ ಒಂದು ಕ್ರಮ ಹೇಳಿಕೊಟ್ಟಿದ್ದೇನೆ, ಡ್ರಮ್ಮಿನ ಮೇಲೆ ಪೇಂಟಿನಲ್ಲಿ ಬರೆದೂ ಇಟ್ಟಿದ್ದೇನೆ. ಲ್ಯಾನ್ಸ್ ತೆಗೆದು, ನೀರು ಬಿಟ್ಟು, ಟ್ರಿಗರ್ ಒತ್ತಿ ಹಿಡಿಯಬೇಕು. ಗುಳ್ಳೆ ನಿಂತು ನೀರು ಒಂದೇ ಸಮ ಬರುವ ತನಕ ಸ್ವಿಚ್ ಹಾಕುವಂತಿಲ್ಲ. ಒಣ ಪಂಪು ಸ್ವಲ್ಪ ಹೊತ್ತು ಓಡಿದರೂ ಸೀಲು ಸುಡುತ್ತದೆ. ಸ್ಟಾರ್ಟ್ ಮಾಡುವಾಗಲೂ ಟ್ರಿಗರ್ ಒತ್ತಿರಬೇಕು, ಮೋಟಾರಿಗೆ ಹೊರೆ ಇಲ್ಲದೆ ಹೊರಡಲಿ. ಮುಗಿದ ಮೇಲೆ ಮೊದಲು ಸ್ವಿಚ್ ಆಫ್, ಆಮೇಲೆ ವಾಲ್ವ್ ಬಂದ್, ಆಮೇಲೆ ಟ್ರಿಗರ್ ಒತ್ತಿ ಪ್ರೆಶರ್ ಬಿಟ್ಟು, ಕೊನೆಗೆ ಪೈಪು ಕಳಚುವುದು. ಒಳಗೆ ಪ್ರೆಶರ್ ಇಟ್ಟುಕೊಂಡೇ ಮೂಲೆಗಿಟ್ಟರೆ ಓ ರಿಂಗು, ಹೋಸು ಎರಡೂ ಸುಮ್ನೆ ದಣಿಯುತ್ತವೆ.

ಟ್ರಿಗರ್ ಬಿಟ್ಟಾಗ ಮೋಟಾರ್ ನಿಲ್ಲದ ಮೆಷಿನ್ ನಿಮ್ಮದಾದರೆ ಇನ್ನೊಂದು ಎಚ್ಚರಿಕೆ. ಟ್ರಿಗರ್ ಬಿಟ್ಟು ಮಾತಾಡುತ್ತಾ ನಿಂತರೆ ಅದೇ ನೀರು ಪಂಪಿನೊಳಗೆ ಸುತ್ತಿ ಸುತ್ತಿ ಬಿಸಿಯಾಗುತ್ತದೆ. ಒಂದೆರಡು ನಿಮಿಷಕ್ಕಿಂತ ಹಾಗೆ ಬಿಡಬಾರದು, ಒತ್ತಿರಿ ಅಥವಾ ಆಫ್ ಮಾಡಿ. ಬಿಸಿಲಿಗಿಟ್ಟ ಕಪ್ಪು ಪೈಪಿನ ನೀರಿಗೂ ಇದೇ ಮಾತು, ಸಾಮಾನ್ಯವಾಗಿ ಈ ಮನೆ ಬಳಕೆಯ ಮೆಷಿನ್ನುಗಳಿಗೆ 40 ಡಿಗ್ರಿಗಿಂತ ಬಿಸಿ ನೀರು ಕೊಡಬಾರದು.

ಸೋಪು ಬಳಸಿದ ದಿನ ಕೊನೆಗೆ ಒಂದೆರಡು ನಿಮಿಷ ಬರೀ ನೀರು ಓಡಿಸಲೇಬೇಕು. ಪಾಚಿಗೆ ಬ್ಲೀಚಿಂಗ್ ಪೌಡರ್ ಕಲಸಿ ಮೆಷಿನ್ನಿನ ಸೋಪಿನ ಬಾಟಲಿಗೆ ಹಾಕುವವರಿದ್ದಾರೆ, ಅದು ರಬ್ಬರಿಗೂ ಲೋಹಕ್ಕೂ ವಿಷ. ಬೇಕಾದರೆ ನೆಲಕ್ಕೆ ಕೈಯಲ್ಲಿ ಚಿಮುಕಿಸಿ, ಸ್ವಲ್ಪ ಹೊತ್ತು ಬಿಟ್ಟು ಮೆಷಿನ್ನಿನಲ್ಲಿ ಬರೀ ನೀರು ಹೊಡೆಯಿರಿ. ಪಲ್ಪರ್ ತೊಳೆಯುವಾಗ ಬೇರಿಂಗ್, ಮೋಟಾರ್ ಕಡೆ ಹೊಡೆಯಬಾರದು, ಗ್ರೀಸ್ ಹೋಗಿ ನೀರು ಕೂರುತ್ತದೆ.

ಕಡೂರು, ಅರಸೀಕೆರೆ ಕಡೆಯವರಿಗೆ ನಮ್ಮಂತೆ ಕೆಸರಿನ ಕಾಟ ಕಡಿಮೆ ಇರಬಹುದು, ಆದರೆ ಬೋರಿನ ಗಡಸು ನೀರಿನ ಸುಣ್ಣ ವಾಲ್ವಿನಲ್ಲಿ, ನಾಜಲಿನಲ್ಲಿ ಕೂರುತ್ತದೆ. ನಾಜಲ್, ಜಾಳಿ ಎರಡನ್ನೂ ಆಗಾಗ ವಿನೆಗರ್‌ನಲ್ಲಿ ಒಂದು ಗಂಟೆ ನೆನೆಸಿ ತೊಳೆದರೆ ಬಿಡುತ್ತದೆ. ಮಳೆನೀರು ಹಿಡಿದಿಟ್ಟುಕೊಂಡಿದ್ದರೆ ಮೆಷಿನ್ನಿಗೆ ಅದನ್ನೇ ಸೋಸಿ ಕೊಡಿ.

ಇನ್ನು ಮಳೆಗಾಲ. ಚಳಿ ದೇಶದವರು ಮೆಷಿನ್ನಿನೊಳಗೆ ನೀರು ಹೆಪ್ಪುಗಟ್ಟದಂತೆ ಔಷಧಿ ಹಾಕಿಡುತ್ತಾರೆ, ನಮಗೆ ಆ ಭಯವಿಲ್ಲ. ನಮಗಿರುವುದು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವ. ನಾಲ್ಕು ತಿಂಗಳು ಮುಟ್ಟದೆ ಇಟ್ಟರೆ ಸೀಲು ಪಿಸ್ಟನ್ನಿಗೆ ಅಂಟಿಕೊಳ್ಳುತ್ತದೆ, ವಾಲ್ವ್ ಸ್ಪ್ರಿಂಗ್ ಹಿಡಿಯುತ್ತದೆ, ಅಕ್ಟೋಬರ್‌ನಲ್ಲಿ ಮೊದಲ ಏಟಿಗೇ ತುಟಿ ಹರಿಯುತ್ತದೆ. ಮುಂದಿನ ಮಳೆಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ಐದು ನಿಮಿಷ ಓಡಿಸುವುದೆಂದು ಗೊತ್ತು ಮಾಡಿದ್ದೇನೆ. ನೆಲದ ಮೇಲೆ ಇಡುವುದಿಲ್ಲ, ಹಲಗೆಯ ಮೇಲೆ. ಹೋಸನ್ನು ಇಲಿಗೆ ಸಿಗದಂತೆ ಗೋಡೆಗೆ ಹೊಡೆದ ಕಬ್ಬಿಣದ ಕೊಕ್ಕೆಗೆ ಅಗಲ ಸುತ್ತಾಗಿ ನೇತುಹಾಕಬೇಕು. ಇಲಿ ಕಡಿದ ಹೋಸನ್ನು ಟೇಪು ಸುತ್ತಿ ಬಳಸುವುದು ಪ್ರಾಣಕ್ಕೇ ಅಪಾಯ, ತುಂಡು ಬದಲಾಯಿಸಿ.

ಕೆಲಸಕ್ಕೆ ಹಚ್ಚಿದ ಎರಡು ವಾರಕ್ಕೆ ಡ್ರಿಪ್ ಫಿಲ್ಟರ್ ಬಿಚ್ಚಿ ನೋಡಿದೆ. ಜಾಳಿಯ ಸುತ್ತ ಕೆಂಪು ಕೆಸರು ಒಂದು ಪದರ ಕೂತಿತ್ತು, ಒಳ ಜಾಳಿ ಮಾತ್ರ ಸ್ವಚ್ಛ. ಎಣ್ಣೆ ಕಿಂಡಿಯಲ್ಲಿ ಎಣ್ಣೆ ತಿಳಿಯಾಗಿಯೇ ಇದೆ. ಹೊಸ ಎಣ್ಣೆಯನ್ನು 50 ಗಂಟೆಗೆ ಬದಲಾಯಿಸುವುದು ಬಾಕಿ. ಹೋಸಿನ ಗನ್ ಕಡೆಯ ತುದಿಯಲ್ಲಿ ಮೇಲ್ಪದರ ಬಿರುಕು ಬಿಟ್ಟಿದೆ, ಒಳಗಿನ ತಂತಿ ಇನ್ನೂ ಕಾಣುತ್ತಿಲ್ಲ. ರೋಬಸ್ಟಾ ಕೊಯ್ಲು ಶುರುವಾಗುವ ಮೊದಲು ಹೈಡ್ರಾಲಿಕ್ ಅಂಗಡಿಯಲ್ಲಿ ಆ ತುದಿ ಕತ್ತರಿಸಿ ಹೊಸ ಫಿಟ್ಟಿಂಗ್ ಒತ್ತಿಸಬೇಕು.